ಕಷ್ಟಕಾಲದ ಭಾವನೆಗಳು ಮತ್ತು ವ್ಯಾಪಾರಸ್ಥ: ಜೀವನ ಮಾರ್ಗದರ್ಶನ ಪದ್ಧತಿಯ ಒಂದು ಅಧ್ಯಯನ

ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿ ಬೋಧಿಸಲಾಗುವ ಪಾಠಗಳಲ್ಲಿ ‘ಪ್ರತ್ಯೇಕ ಅಸ್ತಿತ್ವ’ದ ತತ್ತ್ವವೂ ಒಂದು. ವ್ಯವಹಾರವೇ ಬೇರೆ, ಅದನ್ನು ನಡೆಸುವ ಮಾಲೀಕನೇ ಬೇರೆ ಎಂಬುದು ಇದರ ತಿರುಳು. ಮಾಲೀಕನು ಅಂಗಡಿಗೆ ಹಾಕಿದ ಬಂಡವಾಳವನ್ನು ಅಂಗಡಿಯ ಅಢಾವೆ ಪತ್ರಿಕೆಯಲ್ಲಿ ಹೊಣೆಯ ಬದಿಗೆ ಬರೆಯಲಾಗುತ್ತದೆ. ಅಂದರೆ ಅಂಗಡಿಯು ತನ್ನ ಮಾಲೀಕನಿಗೇ ಸಾಲಗಾರನಾಗಿ ನಿಲ್ಲುತ್ತದೆ. ಅವನು ಮನೆಯ ಖರ್ಚಿಗೆಂದು ಗಲ್ಲಾಪೆಟ್ಟಿಗೆಯಿಂದ ತೆಗೆದ ಹಣ ಡ್ರಾಯಿಂಗ್ಸ್ ಖಾತೆಗೆ ಹೋಗುತ್ತದೆಯೇ ಹೊರತು ಅಂಗಡಿಯ ಖರ್ಚೆನಿಸುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ಮುಂದೆ ಅವರೇ ಗಂಜ್‌ನ ಅಡತಿ ಅಂಗಡಿಯಲ್ಲಿಯೋ ಅಕ್ಕಿ ಗಿರಣಿಯ ಕಚೇರಿಯಲ್ಲಿಯೋ ಕುಳಿತಾಗ, ಈ ತತ್ತ್ವವು ಪುಸ್ತಕದಲ್ಲಿ ಉಳಿದು ಮನಸ್ಸಿನಿಂದ ಜಾರಿಹೋಗಿರುತ್ತದೆ. ಅಂಗಡಿಗೆ ನಷ್ಟವಾದರೆ ಮಾಲೀಕನು ‘ಅಂಗಡಿಗೆ ನಷ್ಟವಾಯಿತು’ ಎನ್ನುವುದಿಲ್ಲ. ‘ನಾನು ಕೆಟ್ಟೆ’ ಎನ್ನುತ್ತಾನೆ. ಈ ಎರಡು ವಾಕ್ಯಗಳ ನಡುವಣ ಅಂತರದಲ್ಲಿಯೇ ಪ್ರಸ್ತುತ ಲೇಖನದ ವಿಷಯವಿದೆ.

ಕಾನೂನು ಈ ವಿಷಯದಲ್ಲಿ ಲೆಕ್ಕಶಾಸ್ತ್ರದಷ್ಟು ಉದಾರವಲ್ಲ ಎಂಬುದನ್ನೂ ಹೇಳಬೇಕು. ಏಕವ್ಯಕ್ತಿ ಮಾಲೀಕತ್ವದ ವ್ಯವಹಾರದಲ್ಲಿ ಅಂಗಡಿಯ ಸಾಲವು ಮಾಲೀಕನ ಸಾಲವೇ. ಅವನ ಹೊಲ ಮನೆಗಳೂ ಅದಕ್ಕೆ ಬಾಧ್ಯ. ಖಾಸಗಿ ನಿಯಮಿತ ಕಂಪನಿ ಮಾಡಿಕೊಂಡವರೂ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿರುತ್ತಾರೆ. ಇಂಥ ಜಾಮೀನುದಾರರ ಮೇಲೂ ದಿವಾಳಿ ಸಂಹಿತೆಯ ಅನ್ವಯ ಕ್ರಮ ಜರುಗಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ಹೀಗಿರುವಾಗ ವ್ಯಾಪಾರಸ್ಥನಿಗೆ ಅಂಜಿಕೆ ಹುಟ್ಟುವುದು ಸಹಜವೇ. ಸಾಲ ಅವನದು ಹೌದು, ತೀರಿಸಬೇಕಾದವನೂ ಅವನೇ ಹೌದು. ಆದರೆ ಸಾಲವೇ ಅವನಲ್ಲ. ಈ ಸೂಕ್ಷ್ಮವು ಮರೆತುಹೋದಾಗ ಆರ್ಥಿಕ ನಿರ್ಧಾರಗಳು ಹೇಗೆ ಹಾದಿ ತಪ್ಪುತ್ತವೆ ಎಂಬುದನ್ನು ಅಂಕಿಗಳಲ್ಲಿಯೇ ನೋಡಬಹುದು.

ಬೂದಿ ಇಟ್ಟಿಗೆಯ ಒಂದು ಲೆಕ್ಕ

ಕೃಷ್ಣಾ ತೀರದ ದೇವಸುಗೂರು ಸೂಗೂರೇಶ್ವರನ ಕ್ಷೇತ್ರವೆಂದು ಹೆಸರಾದುದು. 1985ರಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಇಲ್ಲಿ ಆರಂಭಗೊಂಡ ನಂತರ ಊರಿನ ಆರ್ಥಿಕ ಚಿತ್ರವೇ ಬದಲಾಯಿತು. ಎಂಟು ಘಟಕಗಳ, 1,720 ಮೆಗಾವ್ಯಾಟ್ ಸಾಮರ್ಥ್ಯದ ಈ ಕೇಂದ್ರವನ್ನು ನಂಬಿ ಗುತ್ತಿಗೆದಾರರು, ಲಾರಿ ಮಾಲೀಕರು, ಬಿಡಿಭಾಗ ಪೂರೈಸುವವರು, ಹೋಟೆಲಿನವರು ಬದುಕು ಕಟ್ಟಿಕೊಂಡರು. ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಹಾರುಬೂದಿಯಿಂದ ಇಟ್ಟಿಗೆ ಮಾಡುವ ಸಣ್ಣ ಘಟಕಗಳೂ ತಲೆಯೆತ್ತಿದವು.

ಇಂಥ ಒಬ್ಬ ಇಟ್ಟಿಗೆ ತಯಾರಕನನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೇ ಒಬ್ಬರ ಕಥೆಯಲ್ಲ. ಲೆಕ್ಕದ ಅನುಕೂಲಕ್ಕಾಗಿ ಹೆಣೆದ ಉದಾಹರಣೆ. ಯಂತ್ರಕ್ಕಾಗಿ ಪಡೆದ ಬ್ಯಾಂಕ್ ಸಾಲದಲ್ಲಿ 22 ಲಕ್ಷ ರೂಪಾಯಿ ಬಾಕಿ ಇದೆ. ತಿಂಗಳ ಕಂತು 55 ಸಾವಿರ. ಒಬ್ಬ ಕಟ್ಟಡ ಗುತ್ತಿಗೆದಾರನು ಉದ್ರಿಯಲ್ಲಿ ಇಟ್ಟಿಗೆ ಒಯ್ದು 9 ಲಕ್ಷ ಬಾಕಿ ಉಳಿಸಿಕೊಂಡಿದ್ದಾನೆ. ಏಳು ತಿಂಗಳು ಕಳೆದರೂ ವಸೂಲಿಯಿಲ್ಲ. ಕಂತು ಕಟ್ಟುವುದು ಕಷ್ಟವಾಗುತ್ತದೆ. ತಯಾರಕನು ಬ್ಯಾಂಕಿನ ಮ್ಯಾನೇಜರ್ ಸಾಹೇಬರಿಗೆ ಮುಖ ತೋರಿಸಲು ನಾಚುತ್ತಾನೆ. ಬ್ಯಾಂಕಿನ ಕರೆ ಬಂದರೆ ಫೋನನ್ನು ಮಗುಚಿ ಇಡುತ್ತಾನೆ. ಮರ್ಯಾದೆ ಉಳಿಯಲೆಂದು ಖಾಸಗಿ ಲೇವಾದೇವಿಗಾರನಿಂದ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ 3 ಲಕ್ಷ ತಂದು ಐದು ಕಂತುಗಳನ್ನು ಕಟ್ಟುತ್ತಾನೆ. ಹದಿನಾಲ್ಕು ತಿಂಗಳ ನಂತರ ಆ ಕೈಸಾಲ ತೀರುತ್ತದೆ. ಕೊಟ್ಟ ಬಡ್ಡಿ 1,26,000 ರೂಪಾಯಿ. ಅಷ್ಟೇ ಹಣವು ಅಷ್ಟೇ ಕಾಲ ಬ್ಯಾಂಕಿನಲ್ಲಿ ಶೇ. 11ರ ದರದಲ್ಲಿ ಬಾಕಿ ಉಳಿದಿದ್ದರೆ ತೆರಬೇಕಾದ ಬಡ್ಡಿ 38,500. ವ್ಯತ್ಯಾಸ 87,500 ರೂಪಾಯಿ. ಲಾಭ ನಷ್ಟದ ಖಾತೆಯಲ್ಲಿ ಇದು ‘ಬಡ್ಡಿ’ ಎಂಬ ಶೀರ್ಷಿಕೆಯಡಿ ಕುಳಿತಿರುತ್ತದೆ. ವಾಸ್ತವದಲ್ಲಿ ಇದು ನಾಚಿಕೆಗೆ ತೆತ್ತ ಬೆಲೆ.

ಅವನು ಕಳೆದುಕೊಂಡದ್ದು ಇಷ್ಟೇ ಅಲ್ಲ. ಸಂಕಷ್ಟಕ್ಕೊಳಗಾದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಪುನಶ್ಚೇತನಕ್ಕಾಗಿ ಭಾರತೀಯ ರಿಸರ್ವ್ ಬ್ಯಾಂಕು 2016ರ ಮಾರ್ಚ್ 17ರ ಸುತ್ತೋಲೆಯಲ್ಲಿ ಒಂದು ಚೌಕಟ್ಟನ್ನು ವಿಧಿಸಿತು. 25 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಅದು ಅನ್ವಯಿಸುತ್ತದೆ. ಕಂತು ತಪ್ಪಿದ 30 ದಿನಗಳವರೆಗೆ ಖಾತೆಯು ಎಸ್‌ಎಂಎ–0, 31ರಿಂದ 60 ದಿನಗಳವರೆಗೆ ಎಸ್‌ಎಂಎ–1, 61ರಿಂದ 90ರವರೆಗೆ ಎಸ್‌ಎಂಎ–2 ಎಂದು ಗುರುತಿಸಲ್ಪಡುತ್ತದೆ. 90 ದಿನ ದಾಟಿದರೆ ಅನುತ್ಪಾದಕ ಆಸ್ತಿ. ಈ ಮೂರು ಮೆಟ್ಟಿಲುಗಳಲ್ಲಿ ಖಾತೆ ಇರುವಾಗಲೇ ಪರಿಹಾರ ಹುಡುಕಬೇಕೆಂಬುದು ಚೌಕಟ್ಟಿನ ಆಶಯ. 10 ಲಕ್ಷ ಮೀರಿದ ಸಾಲಗಳ ವಿಷಯವು ಸಮಿತಿಯ ಮುಂದೆ ಹೋಗುತ್ತದೆ. ಅವಧಿಯ ವಿಸ್ತರಣೆ, ಮರುಹೊಂದಾಣಿಕೆ ಮುಂತಾದುವನ್ನು ಅದು ಪರಿಶೀಲಿಸುತ್ತದೆ. ತನ್ನ ಉದ್ದಿಮೆ ಸೋಲಬಹುದೆಂದು ಸಕಾರಣವಾಗಿ ಅಂಜುವ ಉದ್ದಿಮೆದಾರನು ತಾನಾಗಿಯೇ ಬ್ಯಾಂಕಿಗೆ ಅರ್ಜಿ ಸಲ್ಲಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಪರಿಹಾರ ದೊರೆತೇ ತೀರುತ್ತದೆ ಎಂದಲ್ಲ. ಆದರೆ ಫೋನು ಮಗುಚಿ ಇಟ್ಟವನಿಗೆ ಅದು ದೊರೆಯುವ ಸಂಭವವೇ ಇಲ್ಲ.

ಇನ್ನು ಗುತ್ತಿಗೆದಾರನ 9 ಲಕ್ಷ. 2006ರ ಎಂಎಸ್‌ಎಂಇಡಿ ಅಧಿನಿಯಮದ 15ನೇ ಕಲಮಿನಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಸರಕು ಕೊಂಡವನು, ಒಪ್ಪಂದ ಏನೇ ಇರಲಿ, ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ 16ನೇ ಕಲಮಿನಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024–25ನೇ ಕರನಿರ್ಧಾರಣಾ ವರ್ಷದಿಂದ, ಇಂಥ ಬಾಕಿಯನ್ನು ಕಾಲಮಿತಿಯೊಳಗೆ ಪಾವತಿಸದ ಕೊಳ್ಳುಗನಿಗೆ ಆ ವರ್ಷದ ಆದಾಯದಿಂದ ಆ ಖರ್ಚನ್ನು ಕಳೆಯುವ ಅವಕಾಶವೂ ಇಲ್ಲ. (ಕೇವಲ ಕೊಳ್ಳುವ ಮತ್ತು ಮಾರುವ ವರ್ತಕರಿಗೆ 2021ರಲ್ಲಿ ದೊರೆತ ನೋಂದಣಿಯು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ, ವಿಳಂಬ ಪಾವತಿಯ ಈ ರಕ್ಷಣೆ ಅವರಿಗಿಲ್ಲ.) ಇಷ್ಟೆಲ್ಲ ಅಸ್ತ್ರಗಳಿದ್ದರೂ ಇಟ್ಟಿಗೆ ತಯಾರಕನು ಒಂದು ನೋಟಿಸನ್ನೂ ಕಳುಹಿಸುವುದಿಲ್ಲ. ಹಗಲಿನಲ್ಲಿ ‘ಸಂಬಂಧ ಕೆಡುತ್ತದೆ’ ಎಂದು ಸುಮ್ಮನಿರುತ್ತಾನೆ. ರಾತ್ರಿ ನಿದ್ರೆಯಿಲ್ಲದೆ ಗುತ್ತಿಗೆದಾರನನ್ನು ಶಪಿಸುತ್ತಾನೆ. ಬೆಳಿಗ್ಗೆ ಆ ಸಿಟ್ಟು ಕೂಲಿಯಾಳುಗಳ ಮೇಲೂ ಮಕ್ಕಳ ಮೇಲೂ ಬೀಳುತ್ತದೆ. ಕಾನೂನು ತಿಳಿಯದ್ದರಿಂದ ಆದ ನಷ್ಟವನ್ನು ಒಬ್ಬ ಲೆಕ್ಕ ಪರಿಶೋಧಕನು ಸರಿಪಡಿಸಬಲ್ಲನು. ಕಾನೂನು ತಿಳಿದಿದ್ದೂ ಕೈಕಾಲು ಆಡದಿದ್ದರೆ ಅದಕ್ಕೆ ಬೇರೆಯೇ ನೆರವು ಬೇಕಾಗುತ್ತದೆ.

ನಷ್ಟದ ನೋವು ಮತ್ತು 2022ರ ಹತ್ತಿ

ನಾಚಿಕೆಯಂತೆಯೇ ನಷ್ಟದ ಭೀತಿಯೂ ದುಬಾರಿ. ಇದಕ್ಕೆ ರಾಯಚೂರಿನ ಹತ್ತಿ ವರ್ತಕರಿಗೆ 2022ಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಆ ವರ್ಷದ ಮೇ ತಿಂಗಳಲ್ಲಿ 356 ಕಿಲೋ ತೂಕದ ಒಂದು ಖಂಡಿ ಅರಳೆಯ ದರವು ಒಂದು ಲಕ್ಷ ರೂಪಾಯಿಯನ್ನು ದಾಟಿತ್ತು. 2023ರ ಹೊತ್ತಿಗೆ ಅದು 60 ಸಾವಿರದ ಆಸುಪಾಸಿಗೆ ಇಳಿದಿತ್ತು. 95 ಸಾವಿರಕ್ಕೆ ಕೊಂಡು ದಾಸ್ತಾನು ಮಾಡಿದವನು ದರ 85 ಸಾವಿರಕ್ಕೆ ಬಂದಾಗ ಮಾರಲಿಲ್ಲ. ‘ಮತ್ತೆ ಏರುತ್ತದೆ’ ಎಂದು ಕಾದನು. 75 ಸಾವಿರಕ್ಕೆ ಬಂದಾಗ ಮಾರುವುದು ಇನ್ನೂ ಕಷ್ಟವಾಯಿತು. ಈ ನಡುವೆ ಶೇ. 11ರ ಬಡ್ಡಿಯ ಲೆಕ್ಕದಲ್ಲಿ ಪ್ರತಿ ಖಂಡಿಗೆ ತಿಂಗಳಿಗೆ ಸುಮಾರು 870 ರೂಪಾಯಿ ಖರ್ಚು ಸದ್ದಿಲ್ಲದೆ ಸೇರುತ್ತಿತ್ತು.

ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 1979ರಲ್ಲಿಯೇ ಈ ಪ್ರವೃತ್ತಿಯನ್ನು ವಿವರಿಸಿದ್ದರು. ಒಂದು ಮೊತ್ತದ ನಷ್ಟದ ನೋವು, ಅಷ್ಟೇ ಮೊತ್ತದ ಲಾಭದ ಸಂತೋಷಕ್ಕಿಂತ ಮನುಷ್ಯನಿಗೆ ಹೆಚ್ಚು ತೂಗುತ್ತದೆ. ಖಚಿತವಾದ ನಷ್ಟವನ್ನು ಒಪ್ಪುವ ಬದಲು ಇನ್ನೂ ದೊಡ್ಡ ನಷ್ಟದ ಜೂಜಿಗೆ ಅವನು ಸಿದ್ಧನಾಗುತ್ತಾನೆ. ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಷೇರುಪೇಟೆಯಲ್ಲಿ ಲಾಭದ ಷೇರನ್ನು ಬೇಗ ಮಾರಿ, ನಷ್ಟದ ಷೇರನ್ನು ಹಿಡಿದುಕೊಂಡು ಕೂರುವ ಅಭ್ಯಾಸವನ್ನು 1985ರಲ್ಲಿ ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ವಿದ್ವಾಂಸರು ಹೆಸರಿಸಿ ಚರ್ಚಿಸಿದರು. ಮಾರದಿದ್ದರೆ ನಷ್ಟ ‘ಆಗಿಲ್ಲ’ ಎಂಬ ಸಮಾಧಾನವೇ ಇದರ ಮೂಲ. ಲೆಕ್ಕಶಾಸ್ತ್ರವು ಇದನ್ನು ಬಹು ಹಿಂದೆಯೇ ಅರಿತಿತ್ತೆನ್ನಬೇಕು. ಆದ್ದರಿಂದಲೇ ವರ್ಷಾಂತ್ಯದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಬೆಲೆಕಟ್ಟಬೇಕೆಂಬ ನಿಯಮವಿದೆ. ಪುಸ್ತಕವು ಮಾರ್ಚ್ 31ರಂದು ನಷ್ಟವನ್ನು ಒಪ್ಪಿಕೊಳ್ಳುತ್ತದೆ. ಮಾಲೀಕನ ಮನಸ್ಸಿಗೆ ಅಂಥ ಮಾರ್ಚ್ 31 ಇಲ್ಲ.

ಜೀವನ ಮಾರ್ಗದರ್ಶನ ಎಂದರೇನು?

‘ಲೈಫ್ ಕೋಚಿಂಗ್’ ಎಂದು ಕರೆಯಲಾಗುವ ಜೀವನ ಮಾರ್ಗದರ್ಶನ ಪದ್ಧತಿಯು ಕ್ರೀಡಾಂಗಣದಿಂದ ಬಂದುದು. ಅಮೆರಿಕದ ಟೆನಿಸ್ ತರಬೇತುದಾರ ಟಿಮೊಥಿ ಗಾಲ್‌ವೇ 1974ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಟಗಾರನ ನಿಜವಾದ ಎದುರಾಳಿ ಬಲೆಯ ಆಚೆ ಇಲ್ಲ, ತಲೆಯೊಳಗೇ ಇದ್ದಾನೆಂಬ ವಿಚಾರವನ್ನು ಮಂಡಿಸಿದರು. ಮೊದಲು ಕಾರು ರೇಸಿನಲ್ಲಿ ಹೆಸರು ಮಾಡಿದ್ದ ಇಂಗ್ಲೆಂಡಿನ ಜಾನ್ ವಿಟ್‌ಮೋರ್ ಈ ವಿಚಾರವನ್ನು ಉದ್ಯಮ ಜಗತ್ತಿಗೆ ತಂದರು. 1992ರ ಅವರ ಪುಸ್ತಕದಿಂದ ಗುರಿ, ಸದ್ಯದ ಸ್ಥಿತಿ, ಇರುವ ಹಾದಿಗಳು, ಸಂಕಲ್ಪ ಎಂಬ ನಾಲ್ಕು ಹಂತದ ಕ್ರಮವು ಪ್ರಚಾರಕ್ಕೆ ಬಂದಿತು. 1995ರಲ್ಲಿ ಅಮೆರಿಕದಲ್ಲಿ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ ಸ್ಥಾಪನೆಯಾಯಿತು.

ಸಲಹೆಗಾರನು ಉತ್ತರ ಕೊಡುತ್ತಾನೆ. ಮಾರ್ಗದರ್ಶಕನು ಪ್ರಶ್ನೆ ಕೇಳುತ್ತಾನೆ. ಇದೇ ಮುಖ್ಯ ಭೇದ. ಮೇಲಿನ ಇಟ್ಟಿಗೆ ತಯಾರಕನು ಇಂಥವರೊಬ್ಬರ ಮುಂದೆ ಕುಳಿತನೆಂದರೆ ಮಾತುಕತೆ ಸುಮಾರು ಈ ರೀತಿ ಸಾಗಬಹುದು. ‘ಬ್ಯಾಂಕಿನವರು ಕೊನೆಯ ಸಲ ಏನೆಂದರು?’ ‘ಮ್ಯಾನೇಜರ್ ಸಾಹೇಬರು ಬಂದು ಕಾಣಲು ಹೇಳಿದರು ಸರ್.’ ‘ನಿಮಗೆ ಅದು ಹೇಗೆ ಕೇಳಿಸಿತು?’ ‘ಎಲ್ಲರ ಮುಂದೆ ಮಾನ ಕಳೆಯುತ್ತಾರೆ ಎಂದು ಕೇಳಿಸಿತು.’ ‘ಹಾಗೆಂದು ಅವರು ಹೇಳಿದರೇ?’ ಇಲ್ಲಿ ಸ್ವಲ್ಪ ಮೌನ. ‘ಇಲ್ಲ, ಹೇಳಲಿಲ್ಲ.’ ‘ನಿಮ್ಮ ಬಳಿ ಬಾಕಿ ಉಳಿಸಿಕೊಂಡ ಹಳೆಯ ಗಿರಾಕಿ ತಾನೇ ಬಂದು ತನ್ನ ತೊಂದರೆ ಹೇಳಿದರೆ, ನೀವು ಅವನ ಮಾನ ಕಳೆಯುವಿರಾ?’ ‘ಬಂದು ಹೇಳಿದರೆ ಸಾಕಲ್ಲವೇ ಸರ್, ಬಾರದೆ ತಪ್ಪಿಸಿಕೊಂಡರೇ ಸಿಟ್ಟು.’ ಈ ಮಾತನ್ನು ಹೊರಗಿನಿಂದ ಯಾರೂ ಹೇಳಿಕೊಡಲಿಲ್ಲ. ಅದು ಅವನ ಬಾಯಿಂದಲೇ ಬಂದಿತು. ‘ಹಾಗಾದರೆ ಬ್ಯಾಂಕಿಗೆ ಯಾವ ದಿನ ಹೋಗುವಿರಿ? ಯಾವ ಕಾಗದಗಳನ್ನು ಒಯ್ಯುವಿರಿ?’ ಎಂಬಲ್ಲಿಗೆ ಆ ದಿನದ ಬೈಠಕ್ ಮುಗಿಯುತ್ತದೆ. ಮುಂದಿನ ಭೇಟಿಯಲ್ಲಿ ಮೊದಲ ಪ್ರಶ್ನೆ, ಹೋದಿರೇ ಎಂಬುದು.

ಇಷ್ಟಕ್ಕೆ ಹಣ ಕೊಡಬೇಕೇ ಎಂದು ಕೇಳುವವರುಂಟು. ಒಳ್ಳೆಯ ಗೆಳೆಯನೂ ಇದನ್ನು ಮಾಡಬಲ್ಲನು ಎಂಬುದು ನಿಜ. ಆದರೆ ವ್ಯಾಪಾರಸ್ಥನ ಗೆಳೆಯರು ಬಹುಪಾಲು ಅದೇ ಗಂಜ್‌ನವರು; ಅದೇ ಪೇಟೆಯಲ್ಲಿ ಕೊಡುಕೊಳ್ಳುವವರು. ಅವರಲ್ಲಿ ಮನಸ್ಸು ಬಿಚ್ಚಿದರೆ ನಾಳೆ ಉದ್ರಿ ಸಿಗದು ಎಂಬ ಶಂಕೆ ನಿರಾಧಾರವೇನಲ್ಲ. ಕೇಳುವವನಿಗೆ ತನ್ನ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲ, ಕೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಭರವಸೆಗೇ ಶುಲ್ಕದ ಹೆಚ್ಚಿನ ಭಾಗ ಸಲ್ಲುತ್ತದೆ.

ದಾಸರ ನಾಡಿನ ಒಂದು ನಿದರ್ಶನ

ಹೆಸರು ಹೊಸದಾದರೂ ಇಂಥ ಮಾರ್ಗದರ್ಶನವು ಈ ಭಾಗಕ್ಕೆ ಹೊಸದಲ್ಲ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಜಗನ್ನಾಥದಾಸರ ವೃತ್ತಾಂತವನ್ನು ಸಂಪ್ರದಾಯವು ಹೀಗೆ ಹೇಳುತ್ತದೆ. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರ ಬಗ್ಗೆ ಅವರಿಗೆ ತಾತ್ಸಾರ. ಚೀಕಲಪರ್ವಿಯ ವಿಜಯದಾಸರು ಮಾನ್ವಿಗೆ ಬಂದು ಭೋಜನಕ್ಕೆ ಕರೆದಾಗ, ಹೊಟ್ಟೆನೋವೆಂಬ ನೆಪ ಹೇಳಿ ತಪ್ಪಿಸಿಕೊಂಡರು. ಮುಂದೆ ನಿಜವಾಗಿಯೇ ಹೊಟ್ಟೆನೋವು ಬಾಧಿಸತೊಡಗಿತು; ಯಾವ ಮದ್ದಿಗೂ ಬಗ್ಗಲಿಲ್ಲ. ಕಡೆಗೆ ವಿಜಯದಾಸರ ಬಳಿ ಹೋದಾಗ ಅವರು ತಾವೇ ಏನನ್ನೂ ಮಾಡದೆ, ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅವರು ಕೊಟ್ಟ ಜೋಳದ ರೊಟ್ಟಿಯಿಂದ ನೋವು ಶಮನವಾಯಿತೆಂದೂ, ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂದೂ ಪ್ರತೀತಿ. ಆ ಪಂಡಿತರೇ ಮುಂದೆ ಕನ್ನಡದಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರು.

ಭಕ್ತಿಯ ದೃಷ್ಟಿಯಿಂದ ಇದರ ಅರ್ಥ ಬೇರೆಯೇ ಇದೆ. ಅದನ್ನು ಬಲ್ಲವರು ಹೇಳಬೇಕು. ಮನುಷ್ಯ ಸ್ವಭಾವದ ದೃಷ್ಟಿಯಿಂದ ನೋಡಿದರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಅಡ್ಡಿಯಾಗಿದ್ದುದು ಅಜ್ಞಾನವಲ್ಲ, ಅಹಂಕಾರ. ಶ್ರೀನಿವಾಸಾಚಾರ್ಯರಿಗೆ ಶಾಸ್ತ್ರವೆಲ್ಲ ತಿಳಿದಿತ್ತು. ಇಟ್ಟಿಗೆ ತಯಾರಕನಿಗೆ ಕಾನೂನು ತಿಳಿದಿದ್ದಂತೆ. ನೆರವಾದವರು ಪಾಂಡಿತ್ಯದಲ್ಲಿ ಅವರನ್ನು ಮೀರಿಸಲು ಹೋಗಲಿಲ್ಲ. ವಾದ ಮಾಡಲಿಲ್ಲ, ಹಂಗಿಸಲಿಲ್ಲ, ಹಳೆಯ ಅಪಮಾನವನ್ನು ಎತ್ತಿ ಆಡಲಿಲ್ಲ. ಹತ್ತಿ ವ್ಯಾಪಾರಿಗೆ ಮಾರ್ಗದರ್ಶಕನಾಗುವವನು ಹತ್ತಿಯನ್ನು ಅವನಿಗಿಂತ ಚೆನ್ನಾಗಿ ಬಲ್ಲವನೇ ಆಗಿರಬೇಕೆಂದಿಲ್ಲ. ಹಾಗೆ ಬಲ್ಲವನಾದರೆ ದರದ ಚರ್ಚೆಯಲ್ಲಿಯೇ ಹೊತ್ತು ಹೋಗುವ ಅಪಾಯವೂ ಇದೆ.

ಕಿರ್ದಿ ಮತ್ತು ಖತಾವಣಿ

ಮಾರ್ಗದರ್ಶಕರು ಹೇಳಿಕೊಡುವ ಅಭ್ಯಾಸಗಳಲ್ಲಿ ವ್ಯಾಪಾರಸ್ಥನಿಗೆ ಅತ್ಯಂತ ಸುಲಭವಾದುದು ಬರವಣಿಗೆ. ಬರೆಯುವುದು ಅವನ ಕಸುಬೇ ಆಗಿದೆ. ಕಿರ್ದಿಯಲ್ಲಿ ಅಂದಂದಿನ ವ್ಯವಹಾರವನ್ನು ನಡೆದ ಕ್ರಮದಲ್ಲಿ, ಟೀಕೆ ಟಿಪ್ಪಣಿಯಿಲ್ಲದೆ ಬರೆಯಲಾಗುತ್ತದೆ. ಅದು ಯಾವ ಖಾತೆಗೆ ಸೇರಿದ್ದೆಂಬ ತೀರ್ಮಾನ ಖತಾವಣಿಯಲ್ಲಿ ಆಗುತ್ತದೆ. ಭಾವನೆಗಳ ವಿಷಯದಲ್ಲಿಯೂ ಇದೇ ಶಿಸ್ತು ಸಲ್ಲುತ್ತದೆ. ‘ಗುತ್ತಿಗೆದಾರ ನನ್ನನ್ನು ಮೂರ್ಖನನ್ನಾಗಿ ಮಾಡಿದ’ ಎಂಬುದು ಕಿರ್ದಿಯ ನಮೂದಲ್ಲ. ‘ಬುಧವಾರ ಸಂಜೆ ಫೋನು ಮಾಡಿದೆ, ಅವನು ಎತ್ತಲಿಲ್ಲ’ ಎಂಬುದು ಕಿರ್ದಿ. ಅದರ ಮುಂದೆ ‘ಸಿಟ್ಟು ಬಂತು’ ಎಂದೋ ‘ಅಂಜಿಕೆಯಾಯಿತು’ ಎಂದೋ ಬರೆದರೆ ಅದು ಸರಿಯಾದ ಖಾತೆಗೆ ಸೇರಿದಂತಾಯಿತು. ಹಲವರಲ್ಲಿ ಸಿಟ್ಟಿನ ಖಾತೆಗೆ ಬರೆದುದು, ತಾಳೆ ನೋಡಿದಾಗ, ಅಂಜಿಕೆಯದೇ ಆಗಿರುತ್ತದೆ.

ಇದು ಬರಿಯ ಉಪಮೆಯಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ದಿನ ದಿನಕ್ಕೆ 15 ನಿಮಿಷ ತಮ್ಮ ಕಹಿ ಅನುಭವಗಳನ್ನೂ ಅವುಗಳ ಬಗೆಗಿನ ಭಾವನೆಗಳನ್ನೂ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಇತರರಿಗಿಂತ ಕಡಿಮೆ ಎಂದು ಕಂಡುಬಂದಿತು. 1994ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕೆಲಸ ಕಳೆದುಕೊಂಡ ನೌಕರರ ನಡುವೆ ಇಂಥದೇ ಪ್ರಯೋಗ ನಡೆಸಿದರು. ಕೆಲಸ ಹೋದ ನೋವನ್ನು ಬರೆದವರಿಗೆ ಬರೆಯದವರಿಗಿಂತ ಬೇಗ ಹೊಸ ಕೆಲಸ ದೊರೆಯಿತು. ಅವರೇನೂ ಹೆಚ್ಚು ಅರ್ಜಿ ಹಾಕಿರಲಿಲ್ಲ; ಹಳೆಯ ಮಾಲೀಕರ ಮೇಲಿನ ಕಹಿಯನ್ನು ಹೊತ್ತುಕೊಂಡು ಹೊಸ ಸಂದರ್ಶನಕ್ಕೆ ಹೋಗದಿದ್ದುದು ಕಾರಣವಿರಬಹುದು. ವಸೂಲಿಗೆ ಹೊರಟವನಿಗೂ ಇದು ಅನ್ವಯಿಸುತ್ತದೆ. ಕುದಿಯುತ್ತ ಹೋದವನು ಜಗಳ ತರುತ್ತಾನೆ; ತಣ್ಣಗೆ ಹೋದವನು ಕನಿಷ್ಠಪಕ್ಷ ಒಂದು ಮುಂದಿನ ತಾರೀಖಿನ ಚೆಕ್ಕನ್ನಾದರೂ ತರುತ್ತಾನೆ.

ಮುಚ್ಚಿಟ್ಟ ಲೆಕ್ಕ

ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಬೀದಿ ಬೀದಿಗೆ ಒಯ್ದ, 1996ರಲ್ಲಿ ಬೆಂಗಳೂರಿನಲ್ಲಿ ಮೊದಲ ಕೆಫೆ ಕಾಫಿ ಡೇ ಮಳಿಗೆ ತೆರೆದ ವಿ. ಜಿ. ಸಿದ್ಧಾರ್ಥ ಅವರು 2019ರ ಜುಲೈ ಕೊನೆಯಲ್ಲಿ ಅಕಾಲಿಕವಾಗಿ ಮರಣಿಸಿದರು. ಒಬ್ಬ ಮನುಷ್ಯನ ಸಾವಿಗೆ ಹೊರಗಿನವರು ಒಂದೇ ಕಾರಣವನ್ನು ಅಂಟಿಸುವುದು ಸಲ್ಲದು. ಆದರೆ ಅವರದೆನ್ನಲಾಗಿ ಆಗ ಬಹಿರಂಗಗೊಂಡ ಪತ್ರದ ಒಂದು ಅಂಶವು ಪ್ರತಿಯೊಬ್ಬ ಉದ್ದಿಮೆದಾರನೂ ಗಮನಿಸತಕ್ಕದ್ದು. ಉದ್ಯಮಿಯಾಗಿ ತಾವು ಸೋತುದಾಗಿ ಅದರಲ್ಲಿ ಬರೆಯಲಾಗಿತ್ತು. ತಮ್ಮ ಎಲ್ಲ ವ್ಯವಹಾರಗಳು ಸಹೋದ್ಯೋಗಿಗಳಿಗಾಗಲಿ, ಲೆಕ್ಕ ಪರಿಶೋಧಕರಿಗಾಗಲಿ, ಮನೆಯವರಿಗಾಗಲಿ ತಿಳಿದಿರಲಿಲ್ಲವೆಂದೂ ಹೇಳಲಾಗಿತ್ತು. ಭಾರವೆಲ್ಲ ಒಬ್ಬರ ತಲೆಯ ಮೇಲಿತ್ತು.

ನಂತರದ ಅಂಕಿಗಳೂ ಗಮನಾರ್ಹ. 2019ರ ಮಾರ್ಚ್ ಅಂತ್ಯಕ್ಕೆ ಆ ಸಮೂಹದ ಸಾಲ 7 ಸಾವಿರ ಕೋಟಿ ರೂಪಾಯಿ ಮೀರಿತ್ತು. ಆಸ್ತಿಗಳನ್ನು ಮಾರಿ, ಸಾಲಗಾರರೊಂದಿಗೆ ಮಾತನಾಡಿ, ಎರಡು ವರ್ಷಗಳಲ್ಲಿ ಅದನ್ನು 2 ಸಾವಿರ ಕೋಟಿಗಿಂತ ಕೆಳಕ್ಕೆ ಇಳಿಸಲಾಯಿತು. 2020ರ ಡಿಸೆಂಬರ್‌ನಲ್ಲಿ ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಮುಖ್ಯ ಕಾರ್ಯನಿರ್ವಾಹಕಿಯಾಗಿ ಹೊಣೆ ಹೊತ್ತರು. ಕಂಪನಿಯ ತೊಂದರೆಗಳೆಲ್ಲ ಅಲ್ಲಿಗೆ ಮುಗಿದವೆಂದಲ್ಲ. ದಿವಾಳಿ ಅರ್ಜಿಗಳನ್ನೂ ನಿಯಂತ್ರಕರ ದಂಡವನ್ನೂ ಅದು ಎದುರಿಸಿತು. ಆದರೆ ಒಬ್ಬರ ಎದೆಯೊಳಗೆ ಕೊನೆಯಾಗಿ ಕಂಡದ್ದು, ಮೇಜಿನ ಮೇಲೆ ಹರಡಿದಾಗ ಹಂತಹಂತವಾಗಿ ಬಿಡಿಸಬಹುದಾದ ಲೆಕ್ಕವಾಗಿತ್ತು.

ಸಣ್ಣ ವ್ಯಾಪಾರಸ್ಥನ ಮನೆಯಲ್ಲಿಯೂ ಇದೇ ಮುಚ್ಚುಮರೆ ಇರುತ್ತದೆ. ಹೆಂಡತಿಯ ಒಡವೆ ಅಡವಿಟ್ಟ ವಿಷಯ ಹೆಂಡತಿಗೆ ತಡವಾಗಿ ತಿಳಿಯುವ ಮನೆಗಳು ಕಡಿಮೆಯಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳಲಾಗುವ, 12ನೇ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಪ್ರಶ್ನಿಸಿ ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಮಾಡಿದರು. ಪ್ರಶ್ನೆ ಕೇಳಲು ಅವರಿಗೆ ಸಾಧ್ಯವಾದುದು ಅಕ್ಕಿ ಅವರ ಕಣ್ಣೆದುರಿಗೆ ಬಂದುದರಿಂದ. ಮನೆಯಾಕೆಗೆ ಲೆಕ್ಕವೇ ಕಾಣದಿದ್ದರೆ ಪ್ರಶ್ನೆ ಎಲ್ಲಿಂದ ಬರಬೇಕು? ಮಾರ್ಗದರ್ಶನಕ್ಕೆ ಬಂದವರಿಗೆ ಮೊದಲ ತಿಂಗಳುಗಳಲ್ಲಿಯೇ ಕೊಡಬೇಕಾದ ಮನೆಗೆಲಸ ಎಂದರೆ ಒಂದು ಹಾಳೆಯಲ್ಲಿ ಕೊಡಬೇಕಾದುದು, ಬರಬೇಕಾದುದು ಎರಡನ್ನೂ ಬರೆದು ಮನೆಯವರೆದುರು ಓದುವುದು. ಬಹಳ ಮಂದಿಗೆ ತೆರಿಗೆ ಅಧಿಕಾರಿಯ ಮುಂದೆ ನಿಲ್ಲುವುದಕ್ಕಿಂತ ಇದು ಕಠಿಣವೆನಿಸುತ್ತದೆ.

ಪದ್ಧತಿಯ ಮಿತಿಗಳು

ಭಾರತದಲ್ಲಿ ಲೈಫ್ ಕೋಚ್ ಎಂಬ ಫಲಕ ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ಚಿಕಿತ್ಸಾ ಮನೋವಿಜ್ಞಾನಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಮನೋವೈದ್ಯನಿಗೆ ವೈದ್ಯಕೀಯ ಪದವಿ ಬೇಕು; ಮಾರ್ಗದರ್ಶಕನಿಗೆ ಮುದ್ರಿಸಿದ ಕಾರ್ಡಿದ್ದರೆ ಸಾಕು. ಆದ್ದರಿಂದ ಸರಕು ಕೊಳ್ಳುವಾಗಿನ ಎಚ್ಚರ ಇಲ್ಲಿಯೂ ಬೇಕು. ಎಲ್ಲಿ ತರಬೇತಿ ಪಡೆದರು, ಎಷ್ಟು ಭೇಟಿಗಳು, ಪ್ರತಿ ಭೇಟಿಗೆ ಎಷ್ಟು ಶುಲ್ಕ, ನಡುವೆ ನಿಲ್ಲಿಸಿದರೆ ಹಣ ಮರಳುವುದೇ ಎಂಬುದನ್ನು ಲಿಖಿತವಾಗಿ ಕೇಳಬೇಕು. 90 ದಿನಗಳಲ್ಲಿ ವಹಿವಾಟು ಇಮ್ಮಡಿಯಾಗುವುದೆಂದು ಮಾತು ಕೊಡುವವನು ಮಾರ್ಗದರ್ಶಕನಲ್ಲ. ಮೂರನೆಯ ಭೇಟಿಯಲ್ಲಿ ವಿಮೆಯನ್ನೋ ಸರಪಳಿ ಮಾರಾಟದ ಸದಸ್ಯತ್ವವನ್ನೋ ಮುಂದಿಡುವವನಿಂದ ಎದ್ದು ಬರಬೇಕು. ಕಲ್ಯಾಣ ಮಂಟಪದಲ್ಲಿ ಸಾವಿರ ಜನರನ್ನು ಕೂರಿಸಿ ಚಪ್ಪಾಳೆ ಹೊಡೆಸುವ ಸ್ಫೂರ್ತಿ ಭಾಷಣಗಳ ಪ್ರಭಾವ ಸಾಮಾನ್ಯವಾಗಿ ಊಟದ ಪಂಕ್ತಿಯವರೆಗೆ ಇರುತ್ತದೆ.

ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಊಟ ಸೇರದಿರುವುದು, ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು, ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲೂ ಆಗದಿರುವುದು, ಕುಡಿತ ಹೆಚ್ಚುವುದು, ಬದುಕಿಯೂ ಪ್ರಯೋಜನವಿಲ್ಲವೆಂಬ ಮಾತು ಬಾಯಿಗೆ ಬರುವುದು, ಇವು ಜೀವನ ಮಾರ್ಗದರ್ಶನದ ವ್ಯಾಪ್ತಿಯನ್ನು ಮೀರಿದ ಲಕ್ಷಣಗಳು. ಇಲ್ಲಿ ವೈದ್ಯರೇ ಬೇಕು, ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ರಾಯಚೂರಿನ ರಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಪ್ರಾಮಾಣಿಕ ಮಾರ್ಗದರ್ಶಕನು ಇಂಥ ಲಕ್ಷಣ ಕಂಡ ಕೂಡಲೆ ತಾನೇ ವೈದ್ಯರ ಹೆಸರು ಬರೆದುಕೊಡುತ್ತಾನೆ. ಅಕ್ಕಪಕ್ಕದ ಅಂಗಡಿಯವರೂ ಈ ಲಕ್ಷಣಗಳನ್ನು ಗುರುತಿಸಬಲ್ಲರು. ಹತ್ತು ಗಂಟೆಯಾದರೂ ನೆರೆಯ ಷಟರ್ ಮೇಲೇಳದಿದ್ದರೆ ಹೋಗಿ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಶುಲ್ಕ ಯಾವ ಖಾತೆಗೆ?

ಕಡೆಗೆ, ಓದುಗರಲ್ಲಿ ಅನೇಕರು ಕೇಳಬಹುದಾದ ಪ್ರಶ್ನೆಯೊಂದಿದೆ: ಮಾರ್ಗದರ್ಶಕನಿಗೆ ಕೊಟ್ಟ ಶುಲ್ಕವನ್ನು ವ್ಯವಹಾರದ ಖರ್ಚೆಂದು ತೋರಿಸಬಹುದೇ? ಆದಾಯ ತೆರಿಗೆ ಕಾನೂನಿನಂತೆ ವೈಯಕ್ತಿಕ ಸ್ವರೂಪದ ಖರ್ಚನ್ನು ವ್ಯವಹಾರದ ಆದಾಯದಿಂದ ಕಳೆಯುವಂತಿಲ್ಲ. ಏಕವ್ಯಕ್ತಿ ಮಾಲೀಕನು ತನ್ನ ಅಂಜಿಕೆ, ಸಿಟ್ಟು, ಮನೆಯ ಮನಸ್ತಾಪಗಳಿಗಾಗಿ ಪಡೆದ ಮಾರ್ಗದರ್ಶನದ ಶುಲ್ಕವು ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ಪಾಲುದಾರಿಕೆ ಸಂಸ್ಥೆಯಲ್ಲಿ ಅದನ್ನು ಆಯಾ ಪಾಲುದಾರನ ಖಾತೆಗೆ ಬರೆಯುವುದು ಲೇಸು. ಕಂಪನಿಯೊಂದು ತನ್ನ ವ್ಯವಸ್ಥಾಪಕರಿಗೆ ನಾಯಕತ್ವದ ತರಬೇತಿಯೆಂದು ಇಂಥ ಕಾರ್ಯಕ್ರಮ ಏರ್ಪಡಿಸಿದರೆ ಅದು ತರಬೇತಿ ಖರ್ಚೆನಿಸುತ್ತದೆ. ಆಡಳಿತ ಮಂಡಳಿಯ ಠರಾವು, ಕಾರ್ಯಕ್ರಮದ ವಿವರ ಮತ್ತು ಬಿಲ್ಲುಗಳನ್ನು ಕಡತದಲ್ಲಿ ಇಡಬೇಕು. ಮಾರ್ಗದರ್ಶಕನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದ್ದರೆ ಬಿಲ್ಲಿನಲ್ಲಿ ಶೇ. 18ರ ಜಿಎಸ್‌ಟಿ ಇರುತ್ತದೆ. ಮಾಲೀಕನ ಸ್ವಂತ ಬಳಕೆಗೆ ಸಂಬಂಧಿಸಿದ ಮಟ್ಟಿಗೆ ಅದರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯುವಂತಿಲ್ಲ.